ಬೀರುವಿನೊಳಗೆ ಅಡಗಿದ ಸೇನಾಪತಿ

ಭಾವನಿಗೆ ನಾದಿನಿಯ ನಮಸ್ಕಾರ. ನಿಮ್ಮ ಒಂದು ಕೈ ಊದಿದ ಕೆನ್ನೆಯ ಮೇಲಿರುತ್ತದೆ, ಗೊತ್ತು. ಇನ್ನೊಂದು ಕೈಯಲ್ಲಿ ಕಾರ್ಡು ಹಿಡಿದು ಓದಿ.

ನಾನು ಕುರ್ಚಿಗಳಿಗೆ ಹೊಸ ಮೆತ್ತೆ ಹೊಲಿಯಲು ಬಂದಿರುವುದು ಹಳೆಯ ಕಾಲದ ಸೇನಾಪತಿಯೊಬ್ಬರ ಮನೆಗೆ. ಚೌಕದಲ್ಲಿ ಅವರ ಪ್ರತಿಮೆಯಿದೆ, ಕುದುರೆಯ ಮೇಲೆ ಕತ್ತಿ ಎತ್ತಿ ಕೂತಿದ್ದಾರೆ. ಆದರೆ ಸೇನಾಪತಿಯ ಮರಿಮಗಳಾದ, ಈಗ ಮನೆ ನೋಡಿಕೊಳ್ಳುವ ಅಜ್ಜಿ ನಿನ್ನೆ ನನಗೆ ತೋರಿಸಿದ್ದು ಆ ಶೂರರು ಅಡಗಿದ್ದ ಬಟ್ಟೆ ಬೀರು! ಹಲ್ಲು ಕೀಳುವವನು ಬಂದನೆಂದು ಒಳಗೆ ಸೇರಿ ಬಾಗಿಲು ಎಳೆದುಕೊಂಡರಂತೆ. ಹಲ್ಲು ಬಾತು ಜ್ವರ ಬೇರೆ ಏರಿತ್ತು. ಹೆಂಡತಿ ಬೇಡಿದರು, ಗದರಿದರು. ಆಸಾಮಿ ಜಪ್ಪಯ್ಯ ಅಂದರೂ ಹೊರಗೆ ಬರಲಿಲ್ಲ. ಕೊನೆಗೆ ಆಕೆಯೇ ಕುರ್ಚಿಯಲ್ಲಿ ಕೂತು, "ಏನೂ ಆಗಲ್ಲ ಅಂತ ಅವರಿಗೆ ಗೊತ್ತಾಗ್ಲಿ, ಮೊದ್ಲು ನಂದೊಂದು ಹಲ್ಲು ಕಿತ್ತುಬಿಡಿ" ಎಂದು ಬಾಯಿ ತೆರೆದರಂತೆ.

"ಇಕ್ಕಳ ಟಣ್ ಅಂದಿದ್ದೇ ತಡ, ಮುತ್ತಾತ ಹೊರಗೆ ಹಾರಿದ್ರು" ಎಂದರು ಅಜ್ಜಿ. "ಅವಳ ಹಲ್ಲು ಮುಟ್ಟಿದ್ರೆ ಜೋಕೆ ಅಂತ ಕೂಗಿ, ಮುತ್ತಜ್ಜೀನ ಎಬ್ಬಿಸಿ ತಾವೇ ಕೂತ್ರು. ಕಣ್ಣು ಮುಚ್ಕೊಂಡು ಮುತ್ತಜ್ಜಿ ಕೈ ಮಾತ್ರ ಬಿಡ್ಲಿಲ್ವಂತೆ."

ಅದೇ ಕುರ್ಚಿಗೆ ಇವತ್ತು ಮೆತ್ತೆ ಹೊಲಿದೆ. ನನ್ನ ಕೆಮ್ಮು ವಾಸಿಯಾಗಿದೆ, ಅಕ್ಕನಿಗೆ ಹೇಳಿ. ಅಂಚೆ ಪೆಟ್ಟಿಗೆ ತೆರೆಯುವವರು ಬೀದಿಯ ತಿರುವಿಗೆ ಬಂದರು, ಮುಗಿಸುತ್ತೇನೆ. ನಮ್ಮಕ್ಕನನ್ನು ನೀವು ಬಲ್ಲಿರಿ, ಅವಳೂ ಸೇನಾಪತಿಯ ಹೆಂಡತಿಯ ಹಾಗೆ ಕುರ್ಚಿಯಲ್ಲಿ ಕೂತುಬಿಡುವವಳೇ. ನಾಳೆಯೇ ಡಾಕ್ಟರ ಹತ್ತಿರ ಹೋಗಿ, ಭಾವ. ದಾಳಿಂಬೆ ಬೀಜದಂಥ ಅವಳ ಹಲ್ಲುಗಳನ್ನು ಕಾಪಾಡುವುದು ನಿಮ್ಮ ಕೈಯಲ್ಲಿದೆ.

ನಿಮ್ಮ ನಾದಿನಿ