ಗುಡಾರ ನಿಂತಿದ್ದಲ್ಲಿ ಹಸಿರು

ಅಕ್ಟೋಬರ್ 3, ಬೆಳಗ್ಗೆ

ಇವತ್ತೂ ಅದೇ. ಸ್ವಿಚ್ ಹಾಕಿದೆ. ಕೊಳವೆಬಾವಿಯ ಪಂಪ್ ಗುರ್ ಎಂದಿತು; ಅಡುಗೆಮನೆಯ ನಲ್ಲಿ ಎರಡು ಸಲ ಕೆಮ್ಮಿ ಸುಮ್ಮನಾಯಿತು. ನಲ್ಲಿಯಲ್ಲಿ ನೀರಿಲ್ಲ, ನಲ್ಲನಲ್ಲಿ ಉತ್ತರವಿಲ್ಲ. ಮುಕ್ತಾರ್ ಚಹಾದ ಬಟ್ಟಲೊಳಗೆ ನೋಡುತ್ತ ಕೂತಿದ್ದ, ಪೈಪ್ ಅದರೊಳಗೇ ಒಡೆದಿದೆಯೇನೋ ಎಂಬಂತೆ.

ಎಲ್ಲಿ ಒಡೆದಿದೆಯೆಂದು ಇಬ್ಬರಿಗೂ ಗೊತ್ತು. ಅಂಗಳದ ಹುಲ್ಲೆಲ್ಲ ಒಣಗಿ ಹಳದಿ. ನಡುವೆ ಒಂದು ಜಾಗ ಮಾತ್ರ ಹಚ್ಚಹಸಿರು. ಏಪ್ರಿಲ್‌ನಲ್ಲಿ ತೀರಿಕೊಂಡ ಮಾವನಿಗಾಗಿ, ಇಲ್ಲಿಯ ಪದ್ಧತಿಯಂತೆ, ಉಣ್ಣೆಗುಡಾರ ನಿಲ್ಲಿಸಿದ್ದ ಜಾಗ. ಮಣ್ಣಿಗೆ ಹೋಗುವ ಮುಂಚೆ ಅವರು ಮಲಗಿದ್ದ ಜಾಗ.

ಅತ್ತೆ ದಿನಾ ಅಲ್ಲಿ ಹೋಗಿ ಕೂತು ಹುಲ್ಲು ಸವರುತ್ತಾರೆ. "ನೋಡೇ, ನಿಮ್ಮ ಮಾವ ಒಳ್ಳೇ ಕಡೆ ಇದಾರೆ. ಹುಲ್ಲೇ ಹೇಳ್ತಿದೆ."

ಹುಲ್ಲು ಬೇರೇನೋ ಹೇಳುತ್ತಿದೆ. ಅನುವಾದಿಸುವ ಧೈರ್ಯವಿಲ್ಲ... ಕಾಲೇಜಿನಲ್ಲಿ ಭಾಷೆ ಕಲಿಸುವವಳಿಗೆ!

ಅಕ್ಟೋಬರ್ 5

ಬಕೆಟ್ ಮೇಲೆ ಗಾಜಿನಂಥ ಮಂಜುಗಡ್ಡೆ. ನೆಲ ಹೆಪ್ಪುಗಟ್ಟಿದರೆ ಮುಗಿಯಿತು, ವಸಂತದವರೆಗೆ ಹಾರೆ ಇಳಿಯದು. ಚಳಿಗಾಲವಿಡೀ ಹೊಳೆಯಿಂದ ನೀರು ಹೊರಬೇಕು. ಪಂಪ್ ಕೆಟ್ಟಿದೆಯೆಂದು ನಂಬಿ ಅತ್ತೆ ಈಗಲೇ ಹೊರುತ್ತಿದ್ದಾರೆ, ಆ ನೋವಿನ ಮಂಡಿ ಇಟ್ಟುಕೊಂಡು.

"ನೀನೇ ಹೇಳು," ಎಂದ ಮುಕ್ತಾರ್.

"ನಿಮ್ಮಮ್ಮ."

"ಸೊಸೆ ಮಾತು ಕೇಳ್ತಾರೆ."

"ಹೌದೌದು. ಯಾವ ಶತಮಾನದಲ್ಲಿ?"

ಸುತ್ತುಹಾಕಿ ಹೊಸ ಲೈನ್ ಎಳೆಯೋಣ ಎಂದ. ಎಳೆದರೂ ಹಳೆಯದು ಬಂದ್ ಆಗಲೇಬೇಕಲ್ಲ. ಹುಲ್ಲು ಒಣಗಿಯೇ ಒಣಗುತ್ತದೆ. ಅತ್ತೆಗೆ ಉಳಿದಿರುವುದು ಅದೊಂದು ಹಿಡಿ ಹಸಿರು.

ಪಕ್ಕದ ಮನೆಯ ಶಾರ್ಕಾನ್ ಬೇಲಿಯಾಚೆಯಿಂದ ಕೂಗಿದಳು. "ಅಕ್ಕಾ, ನಮ್ಮ ಬಾವೀಲಿ ತಗೊಳ್ಳಿ!" ಅತ್ತೆ ತಿರುಗಿಯೂ ನೋಡಲಿಲ್ಲ. ಒಳಗೆ ಬಂದು, "ಕಳ್ಳಿ ಮನೆ ನೀರು ನನಗೆ ಬೇಡ." ಅತ್ತೆಯ ಮದುವೆಗೆ ಅವರಮ್ಮ ಹೊಲಿದುಕೊಟ್ಟಿದ್ದ ಉಣ್ಣೆಹಾಸು... ಕೆಂಪು-ಕಪ್ಪು, ಟಗರಿನ ಕೊಂಬಿನ ಚಿತ್ತಾರ. ನಾನು ಈ ಮನೆಗೆ ಬರುವ ಮುಂಚೆಯೇ ಹಗ್ಗದ ಮೇಲಿಂದ ಮಾಯವಾಯಿತಂತೆ. ಅಂದಿನಿಂದ ಶಾರ್ಕಾನ್ ಕಳ್ಳಿ. ಸಾಕ್ಷಿ ಇಲ್ಲ, ಶಿಕ್ಷೆ ಮಾತ್ರ ದಿನಾ.

ಅಕ್ಟೋಬರ್ 11

ರಾತ್ರಿ ಗಟ್ಟಿ ಹಿಮ. ಸೋರಿದ ನೀರು ಹುಲ್ಲಿನ ಮೇಲೇ ಹೆಪ್ಪುಗಟ್ಟಿದೆ. ಹಸಿರು ಎಸಳುಗಳು ಗಾಜಿನೊಳಗೆ ನೆಟ್ಟಗೆ. ಅತ್ತೆ ಬಹಳ ಹೊತ್ತು ನಿಂತು ನೋಡಿದರು. ನಾನು ಬಾಗಿಲಲ್ಲಿ.

"ಇದು ನೀರಲ್ವೇನೇ?"

"ಹೌದು ಅತ್ತೆ. ಪೈಪ್ ಒಡೆದಿದೆ."

"ಯಾವಾಗಿಂದ ಗೊತ್ತು ನಿನಗೆ?"

"...ಆಗಸ್ಟಿಂದ."

ಹುಲ್ಲು ಸವರಲು ಬಗ್ಗಿದವರು ಅರ್ಧಕ್ಕೇ ಕೈ ಹಿಂದೆಗೆದುಕೊಂಡರು. ಯಾವುದಕ್ಕೂ ಒಂದು ತಮಾಷೆ ಇಟ್ಟುಕೊಂಡಿರುವವಳು ನಾನು. ಹುಡುಕಿದೆ. ಇರಲಿಲ್ಲ.

"ಅಗೀರಿ," ಎಂದು ಒಳಗೆ ಹೋದರು.

ಅಕ್ಟೋಬರ್ 12, ಸಂಜೆ

ಬೆರಳಲ್ಲಿ ಬೊಬ್ಬೆ, ಅಕ್ಷರ ಸೊಟ್ಟ. ಆದರೂ ಬರೆಯಬೇಕು.

ಎದೆಯಾಳ ಅಗೆಯಬೇಕಾದೀತು ಅಂದುಕೊಂಡಿದ್ದೆವು. ಚಳಿ ಮುಟ್ಟದಿರಲಿ ಎಂದು ಇಲ್ಲೆಲ್ಲ ಪೈಪ್ ಅಷ್ಟು ಕೆಳಗೆ. ಮಂಡಿಯಾಳಕ್ಕೇ ಸಿಕ್ಕಿತು. ಕೆಳಗೊಂದು ಬಂಡೆ. ಅದನ್ನು ಒಡೆಯಲಾರದೆ ಮಾವ ಪೈಪನ್ನು ಬಂಡೆಯ ಬೆನ್ನ ಮೇಲೇ ಹಾಯಿಸಿದ್ದಾರೆ! ಗುಡಾರಕ್ಕೆ ಗಾಳಿ ಹೊಡೆದ ದಿನ ಅದರ ನೆತ್ತಿಯ ಹೊಗೆಕಿಂಡಿಯ ಹಗ್ಗ ಕಟ್ಟಲು ನಡುವೆ ಕಬ್ಬಿಣದ ಗೂಟ ಬಡಿದಿದ್ದು ಮುಕ್ತಾರೇ. ಅದರ ಮೊನೆ ಪೈಪಿಗೆ ತಗುಲಿದೆ. ಬೇಸಿಗೆಯೆಲ್ಲ ಬಿರುಕು ಬೆಳೆದಿದೆ. ಅವನು ಗುಂಡಿಯಲ್ಲೇ ಕೂತುಬಿಟ್ಟ. "ಅಪ್ಪನ್ನ ಕಾಯೋಕೆ ಹೋಗಿ ಅಪ್ಪನ ಪೈಪನ್ನೇ..."

ಪೈಪಿಗೆ ದಪ್ಪಗೆ ಏನೋ ಸುತ್ತಿತ್ತು, ಚಳಿಗೆ ಹೊದಿಸಿದಂತೆ. ಎಳೆದೆ. ಕೆಸರು ಒರೆಸಿದೆ. ಕೆಂಪು. ಕಪ್ಪು. ಟಗರಿನ ಕೊಂಬು.

ಅತ್ತೆ ಗುಂಡಿಯ ಅಂಚಿನಲ್ಲೇ ಇದ್ದರು.

"ಕಳ್ಳ!"

ಮಣ್ಣಿನ ಗುಡ್ಡೆಯ ಮೇಲೆ ಕುಸಿದು ಕೂತರು. ತಲೆವಸ್ತ್ರ ಬಾಯಿಗೊತ್ತಿಕೊಂಡು ನಕ್ಕರು, ನಗುನಗುತ್ತಲೇ ಅತ್ತರು. "ನಿಮ್ಮ ಮಾವ ನನ್ನ ಪಕ್ಕ ಕೂತು ಶಾರ್ಕಾನ್‌ನ ಬೈದ್ರು ಕಣೇ! 'ಇರಬಹುದು, ಇರಬಹುದು' ಅಂತ ತಲೆ ಬೇರೆ ಆಡಿಸಿದ್ರು!"

ಏಪ್ರಿಲ್‌ನಿಂದ ಇವತ್ತಿನವರೆಗೆ ಅತ್ತೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಅಕ್ಟೋಬರ್ 13

ಮುಕ್ತಾರ್ ಕೋಚ್ಕೋರ್ ಸಂತೆಯಿಂದ ಕಪ್ಲಿಂಗ್ ತಂದ. ಒಡೆದ ತುಂಡು ಕತ್ತರಿಸಿ, ಹೊಸದು ಕೂಡಿಸಿ, ಎರಡೂ ಕಡೆ ಬಿಗಿದು, ಪಂಪ್ ಹಾಕಿ ನೋಡಿದೆವು. ಹನಿಯೂ ಇಲ್ಲ. ಪೈಪಿಗೆ ಸುತ್ತಲು ಅತ್ತೆ ತಮ್ಮ ಹಾಸಿಗೆಯಿಂದಲೇ ಒಣ ಕಂಬಳಿ ಎಳೆದುಕೊಟ್ಟರು. "ತಗೊಳ್ಳಿ. ಈ ಸಲ ಕೇಳಿ ತಗೊಂಡ ಹಾಗಾಯ್ತು."

ಹಸಿರಿದ್ದಲ್ಲಿ ಈಗ ಬರೀ ಮಣ್ಣು. ಹಾದುಹೋಗುವಾಗ ಅತ್ತೆ ಅಲ್ಲಿ ಕೂರಲಿಲ್ಲ. ಕೋಲಿನಿಂದ ಮೆಲ್ಲಗೆ ತಟ್ಟಿ, "ಕಳ್ಳ," ಅಂದರು. ಇಷ್ಟು ಮೃದುವಾಗಿ ಯಾರನ್ನೂ ಬೈದದ್ದು ಕೇಳಿಲ್ಲ.

ತೊಳೆದ ಹಾಸನ್ನು ಒಣಹಾಕಿದ್ದೆಲ್ಲಿ? ನಡುಬೇಲಿಯ ಮೇಲೆ. ಚಿತ್ತಾರ ಶಾರ್ಕಾನ್ ಮನೆಯ ಕಡೆಗೆ.

ಅಕ್ಟೋಬರ್ 15, ಶುಕ್ರವಾರ

ಮಾವನ ಆತ್ಮಕ್ಕೆ ಎಣ್ಣೆಯ ಘಮ ಮುಟ್ಟಲೆಂದು ಶುಕ್ರವಾರ ಶುಕ್ರವಾರ ಬೋರ್ಸೋಕ್ ಎಂಬ ಹಿಟ್ಟಿನುಂಡೆ ಕರಿಯುತ್ತಾರೆ ಅತ್ತೆ. ಇವತ್ತು ಎರಡರಷ್ಟು ಹಿಟ್ಟು. ಮೊದಲ ತಟ್ಟೆಗೆ ಬಟ್ಟೆ ಮುಚ್ಚಿ ತಾವೇ ಹೊರಟರು. ನಾನು ಅಡುಗೆಮನೆಯ ಕಿಟಕಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಕಿಟಕಿ ತೆರೆದೇ ಇದೆ, ಗಾಳಿಗಾಗಿ ಅಲ್ಲ.

ಶಾರ್ಕಾನ್ ಹೊರಬಂದಳು. ಹಾಸು ನೋಡಿದಳು. ಅತ್ತೆಯನ್ನು ನೋಡಿದಳು. ಅತ್ತೆ ತಟ್ಟೆಯನ್ನು ಮುಂದೆ ಚಾಚಿದರು.

"ನನಗೆ ಆವತ್ತೇ ಗೊತ್ತಿತ್ತು ಅಕ್ಕಾ. ಭಾವ ಅದನ್ನ ಗುಂಡಿಗೆ ಹಾಕೋದು ಬೇಲಿಯಿಂದ ನೋಡಿದ್ದೆ. ದಮ್ಮಯ್ಯ ಹೇಳಬೇಡ ಅಂದ್ರು."

"ಮತ್ತೆ ಇಷ್ಟು ವರ್ಷ ಕಳ್ಳಿ ಅನ್ನಿಸ್ಕೊಂಡು..."

"ಹೇಳಿದ್ರೆ ನೀವು ಅವರನ್ನ ಬದುಕೋಕೆ ಬಿಡ್ತಿದ್ರಾ?"

ತಟ್ಟೆ ಓರೆಯಾಗಿದೆ. ಬೋರ್ಸೋಕ್ ಉರುಳುತ್ತಿವೆ, ಇಬ್ಬರೂ ಹೆಕ್ಕುತ್ತಿಲ್ಲ. ಅಳುವೋ ನಗುವೋ ಇಲ್ಲಿಂದ ತಿಳಿಯದು... ಇತ್ತ ತಿರುಗಿದರು—

"ಏನೇ, ಅಲ್ಲೇನು ಗೀಚ್ತಿದೀಯ! ಚಹಾಕ್ಕೆ ನೀರಿಡು, ಶಾರ್ಕಾನ್ ಬರ್ತಿದಾಳೆ!"

ನಲ್ಲಿ ತಿರುಗಿಸಿದೆ. ಕೆಮ್ಮಲೇ ಇಲ್ಲ. ಕೆಟಲ್ ತುಂಬುತ್ತಿದೆ.