ಡಬ್ಬಿ ಮ್ಯಾಲಿನ ಚೀನೀ ಚೀಟಿ

ಪ್ರಾಜಕ್ತಾ,

ಪೂರಾ ಓದು. ಚೀನೀ ಓದಾಕಿಗೆ ಅವ್ವನ ಕನ್ನಡ ಕಷ್ಟ ಆಗಬಾರದು.

ನಿಮ್ಮ ಅಜ್ಜಿ ಕಾಲು ಜಾರಿ ಬಿದ್ದಾಳಂತ, ಅಕ್ಕಲಕೋಟಕ್ಕ ಹೊಂಟೀನಿ. ಬರೂದು ನಾಳೆ ಸಂಜಿಗೆ. ರೊಟ್ಟಿ ಬುಟ್ಟ್ಯಾಗ ಅದಾವ, ಪಲ್ಯ ಬಿಸಿ ಮಾಡಿಕೋ. ಹಾಲು ಕಾಸು. ಫೋನ್ ನೋಡಕೋತ ನಿಂತು ಉಕ್ಕಿಸಬ್ಯಾಡ.

ರವಿವಾರ ನಿನ್ನ ಚೀನೀ ಪರೀಕ್ಷಾ. ನಿನ್ನೆ ಏನಂದಿ? "ರೊಕ್ಕ ಕಟ್ಟಿ ಕ್ಲಾಸಿಗೆ ಹಚ್ಚಲಿಲ್ಲ, ಫುಕಟ ಸಿಕ್ಕಿದ್ದು ಓದಿ ಯಾರು ಪಾಸ್ ಆಗ್ತಾರ, ನಾ ಹೋಗೂದಿಲ್ಲ" ಅಂದಿ. ಆ ಸಿಟ್ಟಿನ್ಯಾಗ, ನೀ ಅಡಗಿಮನಿ ಡಬ್ಬಿಗಳಿಗೆ ಹಚ್ಚಿದ್ದ ಚೀನೀ ಶಬ್ದದ ಚೀಟಿ ಎಲ್ಲಾ ನಾನ ಕಿತ್ತು ಒಗದೆ. ನಾ ಕಲ್ತ ಚಪಳಗಾಂವ ಸಾಲಿನೂ ಫುಕಟನ ಇತ್ತು. ಇದನ್ನ ಬರ್ಯಾಕತ್ತಿದ್ದು ಅಲ್ಲಿ ಕಲ್ತ ಅಕ್ಷರದಾಗ.

ಇನ್ನ ಜಗಳಾಡೂ ತ್ರಾಣ ನನಗಿಲ್ಲ. ಮುಂಜಾನೆ ಎದ್ದು ಚೀಟಿ ಎಲ್ಲಾ ತಿರುಗಿ ಹಚ್ಚೀನಿ. ಚಹಾಪುಡಿ, ಸಕ್ಕರಿ, ಉಪ್ಪು, ಹಿಟ್ಟು, ಯಾವುದು ಎಲ್ಲಿ ಅಂತ ಯಾರನ್ನೂ ಕೇಳಲಿಲ್ಲ. ದಿನಾ ಅವನ್ನ ನೋಡಕೋತನ ಅಡಗಿ ಮಾಡೀನಿ, ಕಣ್ಣಿಗೆ ರೂಢಿ ಆಗ್ಯಾವ. ತಪ್ಪಿದ್ರ ಸರಿ ಮಾಡು. ತಪ್ಪಿರೂದಿಲ್ಲ.

ನೆಟ್ ಮ್ಯಾಲಿಂದ ಇಳಿಸಿಕೊಂಡ ಹಳೇ ಪ್ರಶ್ನಪತ್ರಿಕಿ ಒಂದು ಹಂಗ ಬಿದ್ದದ, ಇವತ್ತು ಬಿಡಿಸು. ವಿಡಿಯೊದಾಗ ಕಲಿಸೋ ಅಕ್ಕೋರ ಪಾಠ ಇನ್ನೊಮ್ಮೆ ನೋಡು. ಕೇಳೂ ಪಾಠ ದೊಡ್ಡ ಆವಾಜಿನ್ಯಾಗ ಹಚ್ಚು, ಬೈಯಾಕ ನಾ ಇರೂದಿಲ್ಲ.

ಹುಣಸಿಹಣ್ಣಿನ ಡಬ್ಬಿಗೆ ನೀ ಚೀಟಿನ ಹಚ್ಚಿದ್ದಿಲ್ಲ. ಅದಕ್ಕ ಏನಂತಾರೋ ನನಗ ಗೊತ್ತಿಲ್ಲ. ನಾ ಬರೂದ್ರಾಗ ಬರದು ಹಚ್ಚಿರು.

ಅವ್ವ