ಬಾಯಿಗೆ ತಾರದ ಹೆಸರು

೧೪-೮-೯೯, ಶನಿವಾರ
ಶ್ರಾವಣದ ಮೊದಲ ಶನಿವಾರ. ಉಪವಾಸ. ಐದಕ್ಕೆ ಎದ್ದು ಬಾಗಿಲು ಸಾರಿಸಿ, ನಲ್ಲಿ ನೀರು ಹಿಡಿದು, ತಲೆಗೆ ಹುಯ್ದುಕೊಂಡು, ಸ್ವಾಮಿಗೆ ತುಳಸಿ ಏರಿಸಿದ್ದಾಯಿತು. ಮನೆದೇವರ ಹೆಸರನ್ನೇ ನಮ್ಮನೆಯವರಿಗೂ ಇಟ್ಟಿದ್ದಾರೆ. ಗಂಡನ ಹೆಸರು ಹೇಳಿದರೆ ಆಯಸ್ಸು ಕಮ್ಮಿ. ಅದಕ್ಕೇ ಪೂಜೆಯಲ್ಲೂ ಬರೀ ‘ಸ್ವಾಮಿ’ ಅನ್ನುತ್ತೇನೆ... ಮೂವತ್ತು ವರ್ಷದಿಂದ.

ಅವರು ಕುಣಿಗಲ್ ಶಿಬಿರ ಸೇರಿ ಏಳು ದಿನ. ಹದಿನೈದು ದಿನದಲ್ಲಿ ಕುಡಿತ ಬಿಡಿಸುತ್ತಾರಂತೆ. ಅದನ್ನು ಬಿಡಿಸಲು ನಾನು ಇಪ್ಪತ್ತೆರಡು ವರ್ಷ ಶನಿವಾರ ಹಿಡಿದಿದ್ದೇನೆ. ನೋಡೋಣ.

ಗೇಟು ಸದ್ದಾದರೆ ಈಗಲೂ ದಡಬಡ ಎದ್ದು ನಿಲ್ಲುತ್ತೇನೆ. ಅವರಿಲ್ಲ ಅಂತ ಗೊತ್ತಿದ್ದೂ.

೧೭-೮-೯೯, ಮಂಗಳವಾರ
ನಾದಿನಿ ನಿಂಗಮ್ಮ ಕುಣಿಗಲ್‌ನಿಂದ ಬಂದಿದ್ದಳು. ಅವರ ಕಾಗದ ತಂದಳು. ಬರೆದಿದ್ದಾರೆ — ಶಿಬಿರ ನಡೆಸುವ ಶಾಂತಲಾ ಮೇಡಂ ದಿನಾ ಬೆಳಿಗ್ಗೆ ಪೂರ್ತಿ ಹೆಸರು ಹಿಡಿದು ಕೂಗುತ್ತಾರೆ, ಸತ್ಯಮಂಗಲದ ಫ್ಯಾಕ್ಟರಿಯಲ್ಲಿ ನನ್ನನ್ನು ‘ಸಾರಾಯಿ ಪ್ಯಾಕೆಟ್’ ಅಂತಲೇ ಕರೆಯುತ್ತಿದ್ದರು, ನನ್ನ ಹೆಸರು ಕೇಳಿ ಕಣ್ಣಲ್ಲಿ ನೀರು ಬಂತು, ಅವತ್ತಿನಿಂದ ಸಾರಾಯಿ ಬೇಕನ್ನಿಸಿಲ್ಲ. ಕೊನೆಯ ಭಾನುವಾರ ಮನೆಯವರು ಪಕ್ಕದಲ್ಲಿ ಕೂರಬೇಕಂತೆ. ನೀನು ಬಾ ಅಂತ.

ಅಲ್ಲಿ ಉಂಡ ತಟ್ಟೆಯನ್ನೂ ನಮ್ಮನೆಯವರೇ ತೊಳೆಯುತ್ತಾರಂತೆ. ವಾಂತಿ ಬಾಚಿದವಳು ನಾನು. ಅವರು ತಟ್ಟೆ ತೊಳೆಯುವುದು ಆ ಮೇಡಮ್ಮನ ಮಾತಿಗೆ.

ಮೇಡಮ್ಮನಿಗೆ ವಯಸ್ಸೆಷ್ಟು ಅಂತ ನಿಂಗಮ್ಮನನ್ನು ಕೇಳಿದೆ. ನಕ್ಕಳು.

“ಮೂವತ್ತೈದಿರ್ಬೋದು. ಲಕ್ಷಣವಾಗವ್ರೆ. ಯಾಕತ್ಗೆ, ನಮ್ಮಣ್ಣಂಗೆ ಹೆಣ್ಣು ನೋಡ್ತಿದೀರಾ?”

ನಗು ಬರಲಿಲ್ಲ. ಬಿಪಿ ಮಾತ್ರೆ ನುಂಗಿದೆ. ಒಂದು ಹೊತ್ತು ಊಟ ಬಿಟ್ಟು, ಹರಕೆ ಹೊತ್ತು, ಉರುಳುಸೇವೆ ಮಾಡಿ ಬೆನ್ನೆಲ್ಲ ತರಚಿಸಿಕೊಂಡೆ. ಅವಳು ಹೆಸರು ಕೂಗಿದಳು, ಆಗಿಹೋಯಿತು. ನಾನು ಮುಚ್ಚಿಟ್ಟುಕೊಂಡಿದ್ದ ಹೆಸರು ಅವಳ ನಾಲಿಗೆ ಮೇಲೆ.

ಅದೇ ದಿನ, ಮೂರು ಗಂಟೆ
ಉತ್ತರ ಬರೆದು ನಿಂಗಮ್ಮನ ಕೈಗೆ ಕೊಟ್ಟೆ. ಗುಬ್ಬಿ ಮೇಷ್ಟ್ರು ಕಲಿಸಿದ ದುಂಡಕ್ಷರ. ಮೇಲುಗಡೆ ಅವರ ಹೆಸರು. ಪೂರ್ತಿ. ‘ನವರೇ’ ಅಂತಲೂ ಸೇರಿಸಿದೆ. ಕೆಳಗೆ — ನಾನು ಬರುವುದಿಲ್ಲ. ಹೆಸರು ಹಿಡಿದು ಕರೆಯುವವಳನ್ನೇ ಪಕ್ಕದಲ್ಲಿ ಕೂರಿಸಿಕೊಳ್ಳಿ. ನೀವು ಬರುವಷ್ಟರಲ್ಲಿ ಗುಬ್ಬಿಗೆ, ತವರಿಗೆ ಹೋಗಿರುತ್ತೇನೆ.

ಅಂಟು ಹಚ್ಚುವಾಗ ಹರಿದುಹಾಕೋಣ ಅನ್ನಿಸಿತು. ಆದರೂ ಕೊಟ್ಟೆ.

೨೦-೮-೯೯, ಶುಕ್ರವಾರ
ಎರಡು ದಿನ ಏನೂ ಬರೆಯಲಿಲ್ಲ. ತವರಿಗೆ ಅಂತ ಬ್ಯಾಗು ತುಂಬಿದೆ, ತೆಗೆದೆ.

ಇವತ್ತು ನಲ್ಲಿ ಹತ್ತಿರ ಪಕ್ಕದ ಮನೆ ಮರಿಯಮ್ಮ ಸಿಕ್ಕಿದಳು. ಅವಳ ಯಜಮಾನ ಚಿಕ್ಕಬೋರಯ್ಯನೂ ಹೋದ ವರ್ಷ ಅದೇ ಶಿಬಿರದಲ್ಲಿದ್ದವನು. ಶನಿವಾರ ಸಂಜೆ ಎಲ್ಲರನ್ನೂ ಸುತ್ತ ಕೂರಿಸಿ, ಮನೆಯಿಂದ ಬಂದ ಕಾಗದಗಳನ್ನು ಮೇಡಂ ಒಡೆದು ಗಟ್ಟಿಯಾಗಿ ಓದುತ್ತಾರಂತೆ. ಅದೇ ಅಲ್ಲಿನ ಪದ್ಧತಿ.

“ನಾನು ಬರ್ದಿದ್ದು ಎರಡೇ ಸಾಲು ಕಣಕ್ಕ. ಇವತ್ಗೂ ಜೇಬಲ್ಲಿಟ್ಕಂಡವ್ರೆ. ಇವ್ರ ಪಕ್ಕದ ಹಾಸ್ಗೆಯೋನ್ಗೆ ಹೆಂಡ್ತಿ ಬರಲ್ಲ ಅಂತ ಬರ್ದಿದ್ಲಂತೆ. ಪಾಪ, ಕೇಳುಸ್ಕಂಡು ಎದ್ದೋನು ಸೀದಾ ಸಾರಾಯಿ ಅಂಗ್ಡಿಗೆ ಹೋದ.”

ಕೊಡ ತುಂಬಿ ಹರಿಯುತ್ತಿದ್ದದ್ದು ಗೊತ್ತಾಗಲಿಲ್ಲ.

ನಾಳೆ ಸಂಜೆ. ನಲವತ್ತು ಜನದ ಮುಂದೆ. ನನ್ನ ಮಾತು, ಅವಳ ಬಾಯಿ. ಆಯಸ್ಸಿಗೆ ಹೆದರಿ ಮುಚ್ಚಿಟ್ಟಿದ್ದ ಹೆಸರನ್ನು ಒಂದೇ ಸಲ ಬರೆದೆ. ಅದೂ ಹೀಗೆ.

೨೧-೮-೯೯, ಶನಿವಾರ, ಬೆಳಿಗ್ಗೆ ಎಂಟೂವರೆ
ಉಪವಾಸ. ಪೂಜೆ ಅರ್ಧಕ್ಕೇ ಬಿಟ್ಟು ಎಸ್‌ಟಿಡಿ ಬೂತಿಗೆ ಓಡಿದೆ. ನಿಂಗಮ್ಮನ ಮನೆ ಪಕ್ಕದ ಅಂಗಡಿಗೆ ಫೋನ್ ಮಾಡಿ ಅವಳನ್ನು ಕರೆಸಿದೆ. ಕಾಗದ ಬುಧವಾರವೇ ಮೇಡಂ ಕೈಗೆ ಕೊಟ್ಟಳಂತೆ. ಅವರು ಅಂಟು ಒಡೆಯದೆ ಬೀರುವಿನಲ್ಲಿಟ್ಟರು ಅಂದಳು. ಏನಂತ ಬರ್ದಿದ್ರಿ ಅತ್ಗೆ, ಅಂತ ಕೇಳಿದಳು. ಅದೆಲ್ಲ ಆಮೇಲೆ ಅಂದೆ. ಹೊಟ್ಟೆಕಿಚ್ಚು ಇನ್ನೂ ಆರಿಲ್ಲ. ಇರಲಿ. ಅವರು ಮನೆಗೆ ಬರಲಿ, ಆಮೇಲೆ ಉರಿದುಕೊಳ್ಳುತ್ತೇನೆ. ಬೂತಿನವನು ಗಡಿಯಾರ ನೋಡುತ್ತಿದ್ದ. ಅಂದೆ —

“ನಾಳೆ ನಾನೇ ಬಂದು ಪಕ್ಕದಲ್ಲಿ ಕೂರ್ತೀನಿ ಅಂತ ಮೇಡಮ್ಮಂಗೆ ಹೇಳು. ಕೈ ಮುಗೀತೀನಿ ನಿಂಗಮ್ಮ, ಈಗಲೇ ಹೋಗು, ಅವ್ರು ಒಡೆಯೋಕ್ ಮುಂಚೆ ಆ ಕಾಗದ ಈಸ್ಕೊಂಡು ಒಲೆಗೆ ಹಾಕ್ಬಿಡು.”